ಮೊದಲು ನೋಡಿದ್ದು ಯಾರು?

ಎಡಪ್ಪಳ್ಳಿ, ಕೊಚ್ಚಿ
2 ಜೂನ್ 2025

ಕುಸುಮಕ್ಕನವರಿಗೆ ಊರ್ಮಿಳಾಳ ನಮಸ್ಕಾರಗಳು.

ಯಾವ ಊರ್ಮಿಳಾ ಅಂತ ತಲೆ ಕೆರೆದುಕೊಳ್ಳಬೇಡಿ. ಹದಿನಾಲ್ಕು ವರ್ಷದ ಹಿಂದೆ ಇಲ್ಲೇ ಎಡಪ್ಪಳ್ಳಿಯಲ್ಲಿ ನಿಮ್ಮ ಕೆಳಗಿನ ಮನೆಯಲ್ಲಿದ್ದವಳು, ಮೈಸೂರಿನವಳು, ಮಾತೆತ್ತಿದರೆ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಿದ್ದವಳು. ನೀವು ಬ್ಯಾಂಕಿನಿಂದ ಬರುವಾಗ ನನ್ನ ಅಡುಗೆಮನೆಯ ಕಿಟಕಿ ತಟ್ಟಿ, "ಎಂತ ಸಾರು ಇವತ್ತು?" ಅಂತ ಕೇಳಿಯೇ ಮೆಟ್ಟಿಲು ಹತ್ತುತ್ತಿದ್ದಿರಿ.

ನಿಮ್ಮ ವಿಳಾಸ ಕೊಟ್ಟವರು ನಿಮ್ಮ ಬ್ಯಾಂಕಿನ ರತ್ನಾಕರ ಅವರು. ಮೊನ್ನೆ ಮಾಲ್‌ನಲ್ಲಿ ಸಿಕ್ಕಿದ್ದರು. ಫೋನ್ ನಂಬರೂ ಕೊಟ್ಟರು. ಮೂರು ಸಲ ಒತ್ತಿದೆ, ಮೂರು ಸಲವೂ ರಿಂಗ್ ಆಗುವುದರೊಳಗೆ ಕಟ್ ಮಾಡಿದೆ. ನೀವು "ಹಲೋ" ಅಂದರೆ ನಾನು ಅತ್ತು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಚಿರಾಗ್ ಚೆನ್ನಾಗಿದ್ದಾನೆ. ಹದಿನೈದು ತುಂಬಿತು. ಹತ್ತನೇ ಕ್ಲಾಸು ಪಾಸಾದ. ಒಂದೇ ಸಲಕ್ಕೆ ಎಂಟು ಚಪಾತಿ ತಿನ್ನುತ್ತಾನೆ. ನಾನು ಕನ್ನಡದಲ್ಲಿ ಬೈದರೆ ಮಲಯಾಳಂನಲ್ಲಿ ಉತ್ತರ ಕೊಡುತ್ತಾನೆ. ದಣಿದಾಗ ಕೈ ಸ್ವಲ್ಪ ನಡುಗುತ್ತದೆ, ಅಕ್ಷರ ಕಾಗೆ ಕಾಲು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಟ್ಟಿದ್ದರು. ಅಷ್ಟು ಬಿಟ್ಟರೆ ಏನೂ ಇಲ್ಲ, ಕುಸುಮಕ್ಕ. ಏನೆಂದರೆ ಏನೂ ಇಲ್ಲ.

ಆ ದಿನ ನಿಮಗೂ ಮರೆತಿರಲಾರದು. ವರಮಹಾಲಕ್ಷ್ಮಿ ಹಬ್ಬದ ಸಂಜೆ. ಹತ್ತು ಹದಿನೈದು ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಚಿರಾಗ್‌ಗೆ ಒಂದೂವರೆ ವರ್ಷ. ನಡೆಯುತ್ತಿದ್ದ ಮಗು ಎರಡು ವಾರದಿಂದ ನಿಂತಲ್ಲೇ ಬೀಳುತ್ತಿತ್ತು, ಮುಟ್ಟಿದರೆ ಅಳುತ್ತಿತ್ತು. ಹಲ್ಲು ಬರುತ್ತಿದೆ ಅಂತ ನಾವಂದುಕೊಂಡಿದ್ದೆವು. ನೀವು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಲ್ಲ ಹಿಡಿದು ಮುಖ ನೋಡಿದಿರಿ. ಆಮೇಲೆ ಅಷ್ಟೂ ಜನರ ಎದುರಿಗೆ, ನಿಮ್ಮ ಆ ದೊಡ್ಡ ಗಂಟಲಿನಲ್ಲಿ, "ಊರ್ಮಿಳಾ, ಈ ಮಗುವಿನ ಕಣ್ಣು ಒಂದು ಕಡೆ ನಿಲ್ತಾ ಇಲ್ಲ. ಮೇಲೆ ಕೆಳಗೆ, ಅತ್ತ ಇತ್ತ ಹಾರ್ತಾ ಉಂಟು. ಇದು ಹಲ್ಲೂ ಅಲ್ಲ ಗಿಲ್ಲೂ ಅಲ್ಲ. ನಾಳೆಯೇ ಡಾಕ್ಟರಿಗೆ ತೋರಿಸು" ಅಂದಿರಿ.

ಅತ್ತೆ ಮಗುವನ್ನು ಕಿತ್ತುಕೊಂಡರು. "ಹಬ್ಬದ ದಿನ, ಲಕ್ಷ್ಮಿಯ ಎದುರಿಗೆ, ಹಾಲುಗಲ್ಲದ ಮಗುವಿಗೆ ಆಡೋ ಮಾತೇನ್ರೀ ಇದು?" ಅಂದರು. ನಾನು ನಿಮ್ಮ ಮುಂದೆ ಹಿಡಿದಿದ್ದ ಕುಂಕುಮದ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡೆ. ಅತ್ತೆ ಹೇಳಿದರು ಅಂತ ಅಲ್ಲ. ನಾನೇ ತೆಗೆದುಕೊಂಡೆ. ಮುತ್ತೈದೆಯನ್ನು ಕುಂಕುಮ ಕೊಡದೆ ಬಾಗಿಲು ದಾಟಿಸಿದ ಪಾಪಿ ನಾನು.

ನೀವು ಹೋದ ಮೇಲೆ ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದರು. ಘಾಟೇ ಬರಲಿಲ್ಲ. "ನೋಡು, ಎಂಥ ದೃಷ್ಟಿ ತಗಲಿಸಿ ಹೋಗಿದ್ದಾಳೆ" ಅಂದರು. ನಾನು ಹೂಂಗುಟ್ಟುತ್ತಲೇ ಮಗುವಿನ ಕಣ್ಣು ನೋಡುತ್ತಿದ್ದೆ. ಹೆತ್ತ ತಾಯಿ, ಅವತ್ತೇ ಮೊದಲ ಸಲ ಸರಿಯಾಗಿ ನೋಡಿದ್ದು. ನೀವು ಹೇಳಿದ ಹಾಗೇ ಹಾರುತ್ತಿತ್ತು.

ಮೂರನೆಯ ದಿನ, ಲಸಿಕೆ ಹಾಕಿಸಬೇಕು ಅಂತ ಅತ್ತೆಗೆ ಸುಳ್ಳು ಹೇಳಿ ಡಾಕ್ಟರ ಹತ್ತಿರ ಹೋದೆ. ಅವರು ಕೂಡಲೇ ತಿರುವನಂತಪುರಕ್ಕೆ ಕಳಿಸಿದರು. ಸ್ಕ್ಯಾನ್ ಮಾಡಿದರೆ ಹೊಟ್ಟೆಯೊಳಗೆ, ಮೂತ್ರಪಿಂಡದ ಪಕ್ಕ, ನಿಂಬೆಹಣ್ಣಿನಷ್ಟು ಗಡ್ಡೆ. ಕ್ಯಾನ್ಸರ್. ಮೈ ಆ ಗಡ್ಡೆಯ ಮೇಲೆ ಯುದ್ಧಕ್ಕೆ ಹೊರಟು ತಪ್ಪಿ ಮೆದುಳಿಗೂ ಹೊಡೆಯುತ್ತದಂತೆ, ಅದಕ್ಕೇ ಕಣ್ಣು ಹಾಗೆ ಕುಣಿಯುವುದಂತೆ. ಆಪರೇಷನ್ ಆಯಿತು. ಆಮೇಲೆ ಮೂರು ವರ್ಷ ಇಂಜೆಕ್ಷನ್ನು, ಮಾತ್ರೆ. ನೆಗಡಿ ಬಂದರೆ ಸಾಕು, ಕಣ್ಣು ಮತ್ತೆ ಹಾರುತ್ತಿತ್ತು, ನನ್ನ ಜೀವವೂ ಹಾರುತ್ತಿತ್ತು. ಆಮೇಲೆ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ತೋರಿಸಿ ಬರುವುದು.

ಇನ್ನು ನಾನು ಈ ಕಾಗದ ಬರೆಯಲು ಕಾರಣವಾದ ಮಾತು. ಮೊದಲ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಫೈಲು ತೆರೆದು ಕೇಳಿದರು: "ಕಣ್ಣನ್ನು ಮೊದಲು ನೋಡಿದ್ದು ಯಾರು?" ಪಕ್ಕದಲ್ಲಿ ನಮ್ಮವರಿದ್ದರು, ಅತ್ತೆ ಇದ್ದರು. ನಾನು "ನಾನೇ" ಅಂದೆ. ಅವರು ಹಾಗೇ ಬರೆದುಕೊಂಡರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಹೊಸ ಡಾಕ್ಟರೂ ಆ ಸಾಲು ಓದಿ ನನ್ನನ್ನು ಹೊಗಳುತ್ತಾ ಬಂದಿದ್ದಾರೆ. ಕಳೆದ ತಿಂಗಳು, "ಇನ್ನು ಬರುವುದು ಬೇಡ, ಹುಡುಗ ಗೆದ್ದ" ಅಂತ ಹೇಳಿದ ಡಾಕ್ಟರು ತಮ್ಮ ವಿದ್ಯಾರ್ಥಿಗಳನ್ನೆಲ್ಲ ಕರೆದು, "ಇನ್ನೆರಡು ತಿಂಗಳು ತಡವಾಗಿದ್ದರೆ ಕಥೆ ಬೇರೆ ಇತ್ತು. ಅಮ್ಮ ಅಂದರೆ ಹೀಗಿರಬೇಕು" ಅಂದರು. ಎಲ್ಲರೂ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನನ್ನ ಮಗನನ್ನು ಉಳಿಸಿದವರು ನೀವು. ಈ ಮಾತನ್ನು ಹೇಳಲು ಹದಿನಾಲ್ಕು ವರ್ಷ ತೆಗೆದುಕೊಂಡೆ. ಕ್ಷಮಿಸಿ ಅಂತ ಕೇಳುವ ಮುಖವೂ ಇಲ್ಲ. ಬೈದಾದರೂ ಒಂದು ಸಾಲು ಬರೆಯಿರಿ.

ನಿಮ್ಮ
ಊರ್ಮಿಳಾ

*

ಉಳ್ಳೂರ್, ತಿರುವನಂತಪುರ
11 ಜೂನ್ 2025

ಶ್ರೀಮತಿ ಊರ್ಮಿಳಾ ಅವರಿಗೆ,

ಕಾಗದ ಸಿಕ್ಕಿತು. "ಚಿರಾಗ್ ಚೆನ್ನಾಗಿದ್ದಾನೆ" ಎಂಬಲ್ಲಿಗೆ ಬಂದಾಗ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಇವರು ಒಳಗಿಂದ ಓಡಿ ಬಂದು, "ಯಾರು ಹೋದದ್ದು?" ಅಂತ ಕೇಳಿದರು. "ಯಾರೂ ಹೋದದ್ದಲ್ಲ, ಹುಡುಗ ಉಳಿದದ್ದು" ಅಂದೆ.

ನಾನು ಆ ಮಗು ಸತ್ತಿದೆ ಅಂತ ತಿಳಿದಿದ್ದೆ. ಹಬ್ಬ ಕಳೆದು ವಾರದಲ್ಲಿ ನಿಮ್ಮ ಮನೆಗೆ ಬೀಗ ಬಿತ್ತು. ಮಗುವನ್ನು ಕ್ಯಾನ್ಸರ್ ಆಸ್ಪತ್ರೆಗೆ ಕೊಂಡುಹೋದರು ಅಂತ ವಾಚ್‌ಮನ್ ಹೇಳಿದ. ಮುಂದಿನ ತಿಂಗಳು ನನಗೆ ಇಲ್ಲಿಗೆ ಟ್ರಾನ್ಸ್‌ಫರ್ ಬಂತು. ಮತ್ತೆ ನಾನು ಯಾರನ್ನೂ ವಿಚಾರಿಸಲಿಲ್ಲ. ವಿಚಾರಿಸಿದರೆ ಉತ್ತರ ಬರ್ತದಲ್ಲ. ಆ ಉತ್ತರ ನನಗೆ ಬೇಡವಾಗಿತ್ತು. ನನ್ನ ನಾಲಗೆ ತಾಗಿ ಹೋದ ಮಗು ಅಂತ ಎಷ್ಟು ದಿನ ಊಟ ಸೇರಲಿಲ್ಲವೋ ಲೆಕ್ಕ ಇಟ್ಟವರಿಲ್ಲ. ನೀವು ಆರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ ಆಸ್ಪತ್ರೆ ನಮ್ಮ ಮನೆಯಿಂದ ನಡೆದರೆ ಕಾಲು ಗಂಟೆ. ಒಂದು ಪೋಸ್ಟ್ ಕಾರ್ಡು ಸಾಕಿತ್ತು. "ಇದ್ದಾನೆ" ಅಂತ ಮೂರಕ್ಷರ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಸಿಕೊಂಡು ಬುದ್ಧಿ ಬಂತು ನನಗೆ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಚೆಕ್ಕಿನ ಸಹಿ ತಾಳೆ ನೋಡಿದ ಕಣ್ಣು ಇದು. ಒಂದು ಗೆರೆ ಆಚೆ ಈಚೆ ಆದರೂ ಕಾಣ್ತದೆ. ಕಾಣುವುದನ್ನು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಹೇಳುವುದನ್ನು ನಿಲ್ಲಿಸಿದೆ. ಹದಿನಾಲ್ಕು ವರ್ಷದಿಂದ ಬಾಯಿಗೆ ಬೀಗ.

ಈಗಲೂ ಒಂದು ಕಾಣ್ತಾ ಉಂಟು. ನಮ್ಮ ಮೇಲಿನ ಮನೆಯಲ್ಲಿ ಸಮೀಕ್ಷಾ ಅಂತ ಪುತ್ತೂರಿನ ಕಡೆಯ ಹುಡುಗಿ ಇದ್ದಾಳೆ. ಗಂಡ ಗುರುಕಿರಣ್ ವಿಳಿಂಜಂ ಬಂದರಿನಲ್ಲಿ ಕೆಲಸ. ಅವಳಿಗೆ ಮೂರು ತಿಂಗಳು. ಆರು ವಾರದಿಂದ ಬರೀ ವಾಂತಿ, ನೀರೂ ನಿಲ್ಲುವುದಿಲ್ಲ. ಅವಳಮ್ಮ ಬಂದು ನಿಂತಿದ್ದಾರೆ. ಬಸುರಿಗೆ ವಾಂತಿ ಹೊಸತಾ ಅಂತ ಎಲ್ಲರೂ ಹೇಳುವುದು. ಆದರೆ ಮೂರು ದಿನದಿಂದ ಅವಳು ಗೋಡೆ ಹಿಡಿದು ನಡೀತಾಳೆ, ಕಾಲು ಅಗಲ ಇಟ್ಟು. ನಿನ್ನೆ ಮೆಟ್ಟಿಲಲ್ಲಿ ನನ್ನ ಕಡೆ ತಿರುಗಿ ನಕ್ಕಳು. ಕಣ್ಣಿನ ಬೊಂಬೆ ಪಕ್ಕಕ್ಕೆ ಹೋಗಿ ನಿಲ್ಲದೆ ಗಡಗಡ ನಡುಗಿತು.

ಉಪ್ಪಿನಕಾಯಿ ಕೊಡುವ ನೆಪ ಮಾಡಿ ಮೇಲೆ ಹೋದೆ. ಬಾಗಿಲಲ್ಲಿ ಕೊಟ್ಟು ಬಂದೆ. ಹೇಳಲಿಲ್ಲ. ಬಸುರಿ ಹುಡುಗಿಗೆ ನಿನ್ನ ಕಣ್ಣು ಸರಿ ಇಲ್ಲ ಅಂತ ಹೇಳುವವಳು ನಾನಾಗಬೇಕಾ? ಒಮ್ಮೆ ಹೇಳಿ ಆದದ್ದು ಸಾಕು.

ಹುಡುಗ ಬದುಕಿದ್ದು ಸಂತೋಷ. ದೇವರು ಒಳ್ಳೆಯದು ಮಾಡಲಿ.

ಇತಿ,
ಕುಸುಮಾವತಿ

*

ಎಡಪ್ಪಳ್ಳಿ
14 ಜೂನ್ 2025

ಕುಸುಮಕ್ಕ,

ನಿಮ್ಮ ಕಾಗದ ಈಗ ಸಿಕ್ಕಿತು. ಈ ಸಲ ಫೋನ್ ಮಾಡಿದೆ, ಕಟ್ ಮಾಡಲಿಲ್ಲ. ಆ ನಂಬರು ಚಾಲ್ತಿಯಲ್ಲಿಲ್ಲವಂತೆ. ರತ್ನಾಕರ ಅವರೂ ತೆಗೆಯುತ್ತಿಲ್ಲ. ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಸೋಮವಾರ ಬೆಳಿಗ್ಗೆ ಸಿಗಬಹುದು ಅಂದರು.

ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯ ಮೇಲೆ ತೀರಿಸಬೇಡಿ. ದಮ್ಮಯ್ಯ, ಈಗಲೇ ಮೇಲೆ ಹೋಗಿ ಹೇಳಿ. ಬೈದರೆ ಬೈಸಿಕೊಳ್ಳಿ. ಬಾಗಿಲು ಮುಚ್ಚಿದರೆ ಮತ್ತೆ ತಟ್ಟಿ. ಆ ಅಮ್ಮನೂ ನನ್ನ ಹಾಗೇ. ಕಾಣುತ್ತಿದ್ದರೂ ನೋಡಲು ಹೆದರಿ ಕೂತಿರುತ್ತಾಳೆ. ನೀವು ಹೇಳುವವರೆಗೆ ಅವಳಿಗೆ ಅದು ಕಾಣುವುದಿಲ್ಲ.

ಸೋಮವಾರ ಬೆಳಿಗ್ಗೆಯ ಗಾಡಿಗೆ ನಾನೇ ಹೊರಡೋಣವೆಂದರೆ ಚಿರಾಗ್‌ನ ಪ್ಲಸ್ ಒನ್, ಹನ್ನೊಂದನೇ ಕ್ಲಾಸಿನ ಅಡ್ಮಿಷನ್ ಅವತ್ತೇ. ನನ್ನ ನಂಬರು ಕೆಳಗಿದೆ. ಒಂದು ಮಿಸ್ಡ್ ಕಾಲ್ ಕೊಡಿ ಸಾಕು, ನೀವು ಹೋಗಿ ಹೇಳಿದಿರಿ ಅಂತ ತಿಳಿದುಕೊಳ್ಳುತ್ತೇನೆ.

ಊರ್ಮಿಳಾ

*

ಉಳ್ಳೂರ್
24 ಜೂನ್ 2025

ಪ್ರೀತಿಯ ಊರ್ಮಿಳಾ,

ಮಿಸ್ಡ್ ಕಾಲ್ ಸಿಕ್ಕಿರಬೇಕು. ಮಾತಾಡಲಿಲ್ಲ ಅಂತ ಬೇಸರ ಮಾಡಬೇಡ ಮಾರಾಯ್ತಿ. ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದೆ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ನಾನು ಅಳ್ತಿದ್ದೆ, ನಾನು ಅತ್ತರೆ ಆ ಹುಡುಗಿಯ ಅಮ್ಮ ಎದೆ ಒಡೆದುಕೊಳ್ತಿದ್ದರು.

ನಿನ್ನ ಸ್ಪೀಡ್ ಪೋಸ್ಟ್ ಬರುವ ಮೊದಲೇ ನಾನು ಹೋಗಿ ಆಗಿತ್ತು. ಹನ್ನೊಂದನೇ ತಾರೀಕು ಆ ಉರಿ ಉರಿ ಕಾಗದವನ್ನು ಡಬ್ಬಿಗೆ ಹಾಕಿ ಬಂದೆನಾ, ಗೇಟಿನ ಹತ್ತಿರ ನಿಂತಾಗ ನನಗೆ ನಿನ್ನ ಮಗನ ಎಂಟು ಚಪಾತಿ ನೆನಪಾಯಿತು. ಥೂ ನನ್ನ ಜನ್ಮವೇ ಅಂದುಕೊಂಡೆ. ಹೇಳಿದ್ದರಿಂದ ಒಂದು ಮಗು ಬದುಕಿ ಚಪಾತಿ ತಿನ್ತಾ ಉಂಟು. ಹೇಳದೆ ಇದ್ದದ್ದರಿಂದ ನನಗೆ ಸಿಕ್ಕಿದ್ದು ಎಂತದು? ಒಳಗೆ ಹೋಗಿ ನಿನ್ನ ಕಾಗದ ತೆಗೆದುಕೊಂಡು ಸೀದಾ ಮೇಲೆ ಹತ್ತಿದೆ.

ಸಮೀಕ್ಷಾ ಮಂಚದ ಮೇಲೆ ಒರಗಿದ್ದಳು. "ಮಗಳೇ, ನನ್ನ ಬಳೆ ನೋಡು" ಅಂತ ಕೈಯನ್ನು ಎಡಕ್ಕೆ ಬಲಕ್ಕೆ ಆಡಿಸಿದೆ. ಎರಡೂ ಕಡೆಗೆ ಕಣ್ಣು ನಡುಗಿತು. "ಎಷ್ಟು ಬಳೆ?" ಕೇಳಿದೆ. "ಎಂಟು" ಅಂದಳು. ನಾಲ್ಕೇ ಇದ್ದದ್ದು. "ಎರಡೆರಡು ಕಾಣ್ತದೆ ಆಂಟಿ, ನಾಲ್ಕು ದಿನ ಆಯ್ತು. ನಿಶ್ಶಕ್ತಿಗೆ ಹಾಗಾಗ್ತದೆ ಅಂತ ಹೇಳಿದ್ರು" ಅಂದಳು. ಮಾತೂ ಸ್ವಲ್ಪ ತೊದಲು, ಇವತ್ತು ಯಾವ ವಾರ ಅಂತ ಗೊತ್ತಿಲ್ಲ.

"ಇವಳನ್ನು ಈಗಲೇ ಆಸ್ಪತ್ರೆಗೆ ಕರಕೊಂಡು ಹೋಗಬೇಕು, ಕಣ್ಣು ಸರಿ ಇಲ್ಲ" ಅಂದೆ. ಅವಳಮ್ಮ ಉರಿದುಬಿದ್ದರು. "ಎಂತ ಅಪಶಕುನದ ಮಾತು! ಬಸುರಿ ಹುಡುಗಿಯ ತಲೆಯ ಹತ್ತಿರ ನಿಂತು ಹೀಗೆ ಹೇಳ್ಲಿಕ್ಕೆ ನಿಮಗೆ ನಾಲಗೆಯಾದರೂ ಹೇಗೆ ಬಂತು? ಎರಡು ಸಲ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿದ್ದೇವೆ. ನೀವು ಕೆಳಗೆ ಹೋಗಿ" ಅಂದರು. ಅದೇ ಮಾತು, ಅದೇ ಮುಖ. ಒಂದು ಗಳಿಗೆ ನನ್ನ ಕಾಲು ಬಾಗಿಲ ಕಡೆಗೆ ತಿರುಗಿಯೂ ಆಗಿತ್ತು.

ಆದರೆ ಹೋಗಲಿಲ್ಲ. ಹೊಸ್ತಿಲಲ್ಲಿ ಕೂತೆ. "ನನಗೆ ಬೈಯಿರಿ, ಆದರೆ ಮೊದಲು ಇದನ್ನು ಓದಿ. ಓದಿದ ಮೇಲೂ ಹೋಗು ಅಂದರೆ ಹೋಗ್ತೇನೆ" ಅಂತ ನಿನ್ನ ಕಾಗದ ಕೊಟ್ಟೆ. ಅವರು ಕನ್ನಡಕ ಹುಡುಕಿ, ಸಿಟ್ಟಿನಲ್ಲಿಯೇ, ಗಟ್ಟಿಯಾಗಿ ಓದ್ಲಿಕ್ಕೆ ಶುರು ಮಾಡಿದರು. ಅವರ ಧ್ವನಿ ಇಳೀತಾ ಬಂತು. "ಹೆತ್ತ ತಾಯಿ, ಅವತ್ತೇ ಮೊದಲ ಸಲ ಸರಿಯಾಗಿ ನೋಡಿದ್ದು" ಅಂತ ನೀನು ಬರೆದದ್ದು ಉಂಟಲ್ಲ, ಅಲ್ಲಿಗೆ ಬಂದು ನಿಲ್ಲಿಸಿದರು. ಮಗಳ ಹತ್ತಿರ ಹೋಗಿ ಗಲ್ಲ ಹಿಡಿದು ನೋಡಿದರು. ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದರು. ನಾನು ಆಟೋ ಕರೆದೆ.

ಮೆಡಿಕಲ್ ಕಾಲೇಜಿನಲ್ಲಿ ಡ್ಯೂಟಿಯಲ್ಲಿ ಇದ್ದದ್ದು ಸುಮಯ್ಯಾ ಅಂತ ಎಳೆ ಪ್ರಾಯದ ಡಾಕ್ಟರು. ಎಷ್ಟು ವಾರದಿಂದ ವಾಂತಿ ಅಂತ ಕೇಳಿದರು, ಕಣ್ಣು ನೋಡಿದರು, ನಡೆಸಿ ನೋಡಿದರು, ಅಷ್ಟೇ. ಬಾಟಲಿ ನೇತು ಹಾಕಲು ಬಂದ ಸಿಸ್ಟರನ್ನು ತಡೆದು, "ಮೊದಲು ಬಿ ಒನ್" ಅಂದರು. ತಿಂದದ್ದು ಯಾವುದೂ ನಿಲ್ಲದೆ ಮೈಯಲ್ಲಿ ಆ ಒಂದು ವಿಟಮಿನ್ ಪೂರಾ ಖಾಲಿಯಾಗಿದೆ, ಮೆದುಳು ಹಸಿದು ಕಣ್ಣನ್ನು ಹಿಡಿಯಲಾರದೆ ಹೋಗಿದೆ, ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಇನ್ನೂ ಕೆಡ್ತದೆ ಅಂತ ಆಮೇಲೆ ವಿವರಿಸಿ ಹೇಳಿದರು. ಇನ್ನೊಂದು ವಾರ ಕಳೆದಿದ್ದರೆ ನೆನಪಿನ ಶಕ್ತಿ ಹೋಗಿ ಹಿಂದೆ ಬಾರದೆ ಇರಬಹುದಿತ್ತಂತೆ. ಹೊಟ್ಟೆಯ ಮಗುವಿನ ಕಥೆಯಂತೂ ಕೇಳುವುದೇ ಬೇಡ.

ಮರುದಿನ ಸಂಜೆಗೆ ಕಣ್ಣಿನ ನಡುಕ ಅರ್ಧ ಇಳಿದಿತ್ತು. ಮೂರನೇ ದಿನ ನನ್ನ ಬಳೆ ನಾಲ್ಕೇ ಆಯ್ತು. ನಡಿಗೆ ಮಾತ್ರ ಇನ್ನೂ ತೂರಾಡ್ತದೆ, ವಾರಗಟ್ಟಲೆ ಹಿಡೀತದೆ ಅಂದಿದ್ದಾರೆ. ಮಗುವಿನ ಎದೆಬಡಿತ ಸರಿ ಉಂಟು. ಮುಂದಿನದ್ದು ಕಾದು ನೋಡಬೇಕು.

ಇನ್ನೊಂದು ತಮಾಷೆ ಕೇಳು. ಸುಮಯ್ಯಾ ಡಾಕ್ಟರು ಬರೆಯುವಾಗ, "ಕಣ್ಣನ್ನು ಮೊದಲು ನೋಡಿದ್ದು ಯಾರು?" ಅಂತ ಕೇಳಿಯೇ ಕೇಳಿದರು. ಸಮೀಕ್ಷಾಳ ಅಮ್ಮ ನನ್ನನ್ನು ನೋಡಿದರು, ಬಾಗಿಲಲ್ಲಿ ಓಡಿ ಬಂದು ನಿಂತಿದ್ದ ಅಳಿಯನನ್ನು ನೋಡಿದರು. ತಲೆ ತಗ್ಗಿಸಿ, "ನಾನೇ" ಅಂದುಬಿಟ್ಟರು! ನನಗೆ ನಗು ತಡೀಲಿಕ್ಕೆ ಆಗದೆ ಹೊರಗೆ ಬಂದೆ. ಹೊರಗೆ ಬಂದು ಅತ್ತೆ. ಹೆದರಿದ ತಾಯಿ ಅದನ್ನಲ್ಲದೆ ಇನ್ನೆಂತ ಹೇಳ್ತಾಳೆ, ಊರ್ಮಿಳಾ? ನಾನು ನೋಡಲಿಲ್ಲ ಅಂತ ಗಂಡನ ಎದುರಿಗೆ, ಅಳಿಯನ ಎದುರಿಗೆ ಹೇಗೆ ಒಪ್ಪಿಕೊಳ್ಳುವುದು? ನಿನ್ನ ಮೇಲೆ ಇದ್ದ ಸಿಟ್ಟು ಆ ವರಾಂಡದಲ್ಲಿಯೇ ಇಳಿಯಿತು. ಫೈಲಿನಲ್ಲಿ ಯಾರ ಹೆಸರು ಇದ್ದರೆ ನನಗೇನು? ಮದುವೆ ಪತ್ರಿಕೆಯಾ ಅದು?

ನಿನಗೆ ನಾನು ಹೇಳಬೇಕಾದ ಮಾತು ಒಂದು ಉಂಟು. ನೀನು ಬರೆಯದೆ ಇದ್ದಿದ್ದರೆ ನಾನು ಉಪ್ಪಿನಕಾಯಿ ಕೊಟ್ಟು ಕೆಳಗೆ ಬಂದವಳು ಕೆಳಗೇ ಇರ್ತಿದ್ದೆ. ಆ ಹುಡುಗಿಯನ್ನು ಉಳಿಸಿದ್ದು ನಿನ್ನ ಕಾಗದ. ತಡ ಮಾಡಿದೆ ಅಂತ ಹನ್ನೊಂದನೇ ತಾರೀಕು ಬೈದೆ. ಸರಿಯಾದ ಹೊತ್ತಿಗೇ ಬರೆದೆ ಅಂತ ಈಗ ಹೇಳ್ತೇನೆ.

ನಿನ್ನ ಅಕ್ಕ,
ಕುಸುಮ

*

ಎಡಪ್ಪಳ್ಳಿ
9 ಸೆಪ್ಟೆಂಬರ್ 2025

ಪ್ರೀತಿಯ ಕುಸುಮಕ್ಕ,

ಫೋನಿನಲ್ಲಿ ಸಮೀಕ್ಷಾಳ ಸುದ್ದಿ ಕೇಳುತ್ತಲೇ ಇದ್ದೇನೆ. ಆದರೂ ಕಾಗದ ಬರೆಯಲು ಇಷ್ಟು ದಿನ ಹಿಡಿಯಿತು. ಮನೆಯಲ್ಲಿ ನಿಜ ಹೇಳಿದ ಮೇಲೆಯೇ ನಿಮಗೆ ಬರೆಯಬೇಕು ಅಂತ ಹಟ ತೊಟ್ಟಿದ್ದೆ. ಬಾಯಿ ತೆರೆಯಲು ಎರಡೂವರೆ ತಿಂಗಳು ಬೇಕಾಯಿತು. ನಿಮಗೆ ಒಂದು ನಿಮಿಷವೂ ಬೇಡವಾಗಿತ್ತಲ್ಲ ಆವತ್ತು!

ಓಣಂ ಹಬ್ಬದ ತಿರುವೋಣದ ದಿನ ಊಟದ ಎಲೆಯ ಮುಂದೆ ಕೂತಾಗ ಹೇಳಿದೆ. ನಮ್ಮವರು ಪಾಯಸಕ್ಕೆ ಹಪ್ಪಳ ಪುಡಿ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ ನಿಧಾನಕ್ಕೆ, "ನನಗೆ ಗೊತ್ತಿತ್ತು" ಅಂದರು. ಆ ವರಮಹಾಲಕ್ಷ್ಮಿ ಹಬ್ಬದ ದಿನವೇ ಅತ್ತೆ ಅವರ ಹತ್ತಿರ ನಿಮ್ಮನ್ನು ಬೈದುಕೊಂಡಿದ್ದರಂತೆ. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಮಂಚದಲ್ಲಿ ಮಲಗಿ ಒಬ್ಬರಿಂದೊಬ್ಬರು ಅದನ್ನೇ ಮುಚ್ಚಿಟ್ಟಿದ್ದೇವೆ ನೋಡಿ. ಅತ್ತೆಯೂ ತೀರಿಕೊಳ್ಳುವ ಮೊದಲು, "ಮೇಲಿನ ಮನೆಯವಳು ಎಲ್ಲಿದ್ದಾಳೋ, ಅವಳಿಗೊಂದು ಸೀರೆ ಉಡಿಸಬೇಕಿತ್ತು" ಅಂದಿದ್ದರಂತೆ ಮಗನ ಹತ್ತಿರ. ನನಗೆ ಯಾರೂ ಹೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ಚಿರಾಗ್ ಎಲ್ಲ ಕೇಳಿಸಿಕೊಂಡ. "ಅಮ್ಮೇ, ಹಾಗಾದರೆ ಯಾಕೆ ನಾನೇ ಅಂತ ಹೇಳಿದ್ದು?" ಅಂತ ಮಲಯಾಳಂನಲ್ಲಿ ಕೇಳಿದ. ನನಗೆ ಅಳು ಬಂತು. ಅವನು ಎಡಗೈಯಿಂದ ನನ್ನ ಬೆನ್ನು ಸವರಿ, "ಸಾರಮಿಲ್ಲ ಅಮ್ಮೇ" ಅಂದ. ಪರವಾಗಿಲ್ಲ ಅಂತ. ಅಷ್ಟು ಹೇಳಿ ಅವಿಯಲ್ ಇನ್ನೊಂದು ಸಲ ಹಾಕಿಸಿಕೊಂಡ. ಸಂಜೆ ನೋಡಿದರೆ ಕನ್ನಡ ಅಕ್ಷರಮಾಲೆ ಎದುರಿಗಿಟ್ಟುಕೊಂಡು ಕೂತಿದ್ದಾನೆ. ಈ ಕಾಗದದ ಹಿಂದೆ ಬರೆದಿದ್ದಾನಲ್ಲ, ಅದು ಅವನೇ ಬರೆದದ್ದು. ಒಂದೂವರೆ ಗಂಟೆ ಬೇಕಾಯಿತು. ನಾನು ತಿದ್ದಿಲ್ಲ.

ಓಣದ ದಿನ ತೆಗೆದ ಎರಡು ಫೋಟೋ ಇಟ್ಟಿದ್ದೇನೆ. ಪ್ರಿಂಟ್ ಹಾಕಿಸಿದ್ದು. ಒಂದರಲ್ಲಿ ಅವನೊಬ್ಬನೇ, ಮುಂಡು ಉಟ್ಟುಕೊಂಡು. ಇನ್ನೊಂದರಲ್ಲಿ ನಾನೂ ಇದ್ದೇನೆ. ನೀವು ಅವನ ಕಣ್ಣು ನೋಡಬೇಕು ಅಂತಲೇ ಹತ್ತಿರದಿಂದ ತೆಗೆಸಿದ್ದು.

ನನ್ನ ಮನಸ್ಸು ಎಷ್ಟು ಹಗುರವಾಗಿದೆ ಅಂತ ಹೇಳಲಾರೆ. ದಸರಾ ರಜೆಗೆ ಮೂವರೂ ಬರುತ್ತೇವೆ.

ನಿಮ್ಮ
ಊರ್ಮಿಳಾ

(ಹಿಂಬದಿಯಲ್ಲಿ)
ಕುಸುಮ ದೊಡ್ಡಮ್ಮ, ನಾನು ಚಿರಾಗ್. ತುಂಬ ಉಪಕಾರ. ನನಗೆ ಕನ್ನಡ ಬರೆಯಲು ಕಷ್ಟ. ಆದರೆ ನಿಮ್ಮನ್ನು ನೋಡಲು ಇಷ್ಟ.

*

ಉಳ್ಳೂರ್
15 ಸೆಪ್ಟೆಂಬರ್ 2025

ಪ್ರೀತಿಯ ಊರ್ಮಿಳಾ,

ದೊಡ್ಡಮ್ಮ ಅಂತ ಬರೆದಿದ್ದಾನೆ ಪುಣ್ಯಾತ್ಮ! ಇವರಿಗೆ ಎರಡು ಸಲ ಓದಿ ಹೇಳಿದೆ. ಮೂರನೇ ಸಲ ಹೋದಾಗ, "ನನಗೂ ಕಣ್ಣುಂಟು, ಕೊಡು ಇಲ್ಲಿ" ಅಂತ ಕಿತ್ತುಕೊಂಡರು. ಅವನಿಗೆ ಹೇಳು, ಕಾಗೆ ಕಾಲು ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಲಿ. ಇದಕ್ಕಿಂತ ಕೆಟ್ಟ ಸಹಿ ಹಾಕುವ ಮ್ಯಾನೇಜರುಗಳ ಕೈಕೆಳಗೆ ಕೆಲಸ ಮಾಡಿದವಳು ನಾನು.

ಸಮೀಕ್ಷಾ ಮೊನ್ನೆ ಯಾರ ಕೈಯೂ ಹಿಡಿಯದೆ ಮೆಟ್ಟಿಲು ಇಳಿದು ನಮ್ಮ ಮನೆಗೆ ಬಂದಳು. ಅವಳಮ್ಮ ಹಿಂದೆಯೇ, ಎರಡೂ ಕೈ ಚಾಚಿಕೊಂಡು, ಬಿದ್ದರೆ ಹಿಡಿಯುವ ಅಂತ. ಬೀಳಲಿಲ್ಲ. ಆರು ತಿಂಗಳ ಹೊಟ್ಟೆ. ಸೋಫಾದಲ್ಲಿ ಕೂತು, "ಆಂಟಿ, ಇಲ್ಲಿ ಕೈ ಇಡಿ" ಅಂದಳು. ಇಟ್ಟೆ. ಒದೆಯಿತು. ಗಟ್ಟಿ ಒದೆ! ಸ್ಕ್ಯಾನಿನಲ್ಲಿ ಎಲ್ಲ ಸರಿ ಉಂಟಂತೆ. ಅವಳಮ್ಮ ಹೋಗುವಾಗ ಬಾಗಿಲಲ್ಲಿ ನಿಂತು, ಡಾಕ್ಟರ ಹತ್ತಿರ ನಿಜ ಹೇಳಿ ಬಂದೆ ಅಂದರು. ನಾನು ಕೇಳಿದ್ದೂ ಅಲ್ಲ, ಬೇಕಾಗಿದ್ದೂ ಅಲ್ಲ. ಆದರೂ ಆ ಇಡೀ ದಿನ ನನಗೆ ಕೆಲಸ ಮಾಡಿದ್ದೇ ಗೊತ್ತಾಗಲಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಅದನ್ನೇ ಹಿಡಕೊಂಡು ಹದಿನಾಲ್ಕು ವರ್ಷ ಕಳೆದೆ. ಆಡದೆ ಇಟ್ಟುಕೊಂಡ ಮಾತೂ ಹೋಗ್ತದೆ, ಜತೆಗೆ ಮನುಷ್ಯರನ್ನೂ ಕರಕೊಂಡು ಹೋಗ್ತದೆ ಅಂತ ಅಜ್ಜಿ ಹೇಳಿರಲಿಲ್ಲ. ನೀನು ನನಗೆ ನನ್ನ ಬಾಯಿಯನ್ನು ಹಿಂದೆ ಕೊಟ್ಟೆ. ಈ ಋಣ ದೊಡ್ಡದು. ಇದನ್ನು ನಿನ್ನ ಮುಖ ನೋಡಿ ಹೇಳ್ಲಿಕ್ಕೆ ನನ್ನಿಂದಾಗುವುದಿಲ್ಲ, ಅದಕ್ಕೇ ಬರೆದೆ.

ಫೋಟೋ ನೋಡಿದೆ. ಹುಡುಗನ ಕಣ್ಣು ಎಷ್ಟು ಚೆಂದ ನಿಂತಿದೆ! ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಭೂತಕನ್ನಡಿ ಹಿಡಿದು ನೋಡಿದೆ. ದೃಷ್ಟಿ ಆಗಲಿಲ್ಲ, ಹೆದರಬೇಡ.

ಆದರೆ ಊರ್ಮಿಳಾ, ನಿನ್ನ ಫೋಟೋವನ್ನೂ ನೋಡಿದೆ. ನಿನ್ನ ಎಡಗಣ್ಣಿನ ರೆಪ್ಪೆ ಬಲಗಣ್ಣಿಗಿಂತ ಕೆಳಗೆ ಇಳಿದಿದೆ. ಬೆಳಕಿನ ದೋಷ ಇರಬಹುದು ಅಂತ ಒಂದು ದಿನ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ. ಬೆಳಕಿನ ದೋಷ ಅಲ್ಲ. ಮೊದಲು ನಿನಗೆ ಹಾಗೆ ಇರಲಿಲ್ಲ. ಸಂಜೆಯಾಗುವಾಗ ಹೆಚ್ಚು ಜಾರ್ತದಾ? ಎರಡೆರಡು ಕಾಣ್ತದಾ? ಅಗಿಯುವಾಗ ದವಡೆ ಸೋಲ್ತದಾ? ದಣಿವು, ವಯಸ್ಸು ಅಂತ ಕಥೆ ಕಟ್ಟಬೇಡ. ದಸರಾದವರೆಗೆ ಕಾಯುವುದೂ ಬೇಡ. ನಾಳೆಯೇ ಡಾಕ್ಟರಿಗೆ ತೋರಿಸು.

ಏನೂ ಇಲ್ಲ ಅಂತ ಅವರು ಹೇಳಿದರೆ ಫೋನ್ ಮಾಡಿ ನನಗೆ ಬೇಕಾದಷ್ಟು ಬೈ. ಏನಾದರೂ ಇದ್ದರೆ ಮೊದಲ ಗಾಡಿಗೆ ನಾನು ಅಲ್ಲಿ ಇರ್ತೇನೆ.

ನಿನ್ನ ಅಕ್ಕ,
ಕುಸುಮ